ಅವ್ವನ ಕೈಗೆ ಸಿಕ್ಕ ಬೆಕ್ಕು

ನಾನು ಅಂಜುಬುರುಕ. ಇದನ್ನು ನನ್ನ ಹೆಂಡತಿ ನೆಂಟರಿಷ್ಟರ ಮುಂದೆ ಹೇಗೂ ಹೇಳುತ್ತಾಳೆ; ನಾನೇ ಮೊದಲು ಹೇಳಿಬಿಟ್ಟರೆ ಅವಳಿಗೊಂದು ಕೆಲಸ ಕಡಿಮೆ. ಗ್ಯಾಸ್ ಬಂದ್ ಮಾಡಿದೆವೋ ಇಲ್ಲವೋ ಎಂದು ಅರ್ಧ ದಾರಿಯಿಂದ ಗಾಡಿ ತಿರುಗಿಸಿಕೊಂಡು ಬಂದವನು ನಾನು. ಇಂಥವನು ಬೆಕ್ಕು ಸಾಕಬಾರದು. ಬೆಕ್ಕು ಸಾಕುವುದು ಉಳಿದವರಿಗೆಲ್ಲ ಖುಷಿಯ ಸಂಗತಿ, ನನಗೆ ದಿನಕ್ಕೊಂದು ಹೊಸ ಹೆದರಿಕೆ.

ಆದರೂ ತಂದವನು ನಾನೇ. ನಾನು ಕೆಲಸ ಮಾಡುವುದು ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ಕಬ್ಬಿಣದ ಚೂರುಗಳನ್ನು ಗುಡ್ಡೆ ಹಾಕುವ ಮೂಲೆಯಲ್ಲಿ ಒಂದು ಬೆಕ್ಕು ಮರಿ ಹಾಕಿತ್ತು. ತಾಯಿ ಎಲ್ಲಿ ಹೋಯಿತೋ, ಉಳಿದದ್ದು ಒಂದೇ ಮರಿ. ಅದು ಲೇಥ್ ಮಷಿನ್ನಿನ ಕೆಳಗೆ ಓಡಾಡತೊಡಗಿತು. ಮಷಿನ್ ಚಾಲೂ ಮಾಡುವ ಮೊದಲು ನಾನು ಪ್ರತಿ ಸಲವೂ ಬಗ್ಗಿ ನೋಡುವುದನ್ನು ಕಂಡು ಜೊತೆಯವರು ನಗುತ್ತಿದ್ದರು. ಕೊನೆಗೆ ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಹಿಂಡಲಗಾದ ಮನೆಗೆ ತಂದುಬಿಟ್ಟೆ. ಅಂಜಿಕೆ ತಪ್ಪಲಿ ಎಂದು ತಂದದ್ದು. ಅಂಜಿಕೆಯೂ ಅದೇ ಚೀಲದಲ್ಲಿ ಮನೆಗೆ ಬಂತು.

ಮೊದಲು ಗ್ಯಾಲರಿಗೆ ಬಲೆ ಹೊಡೆಸಿದೆ. ಫೋನಿನಲ್ಲಿ ಓದಿ ಓದಿ, ಹೆಂಡತಿ ಅಕ್ಕರೆಯಿಂದ ಬೆಳೆಸಿದ್ದ ಲಿಲ್ಲಿ ಗಿಡವನ್ನು ಕುಂಡದ ಸಮೇತ ಬೇರೆಯವರಿಗೆ ಕೊಟ್ಟೆ. ಅದರ ಎಲೆ ಜಗಿದರೆ ಬೆಕ್ಕಿನ ಕಿಡ್ನಿ ಕೆಡುತ್ತದೆಯಂತೆ. ಅದಕ್ಕಾಗಿ ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಕೆಳಗಿನ ಮನೆಯವರು ಇಲಿ ಪಾಷಾಣ ಇಡುತ್ತಾರೇನೋ ಎಂದು ಹೋಗಿ ಕೇಳಿ ಬಂದೆ, ಅವರ ಮನೆಯಲ್ಲಿ ಇಲಿ ಇವೆ ಎಂದು ಹಂಗಿಸಲು ಬಂದೆನೆಂದು ಅವರು ತಿಳಿದರು. ಲಸಿಕೆ ಹಾಕಿಸಿದೆ, ಜಂತಿನ ಔಷಧ ಕುಡಿಸಿದೆ, ಉಳ್ಳಾಗಡ್ಡಿ ಬಿದ್ದ ಅನ್ನ ಅದರ ತಾಟಿಗೆ ಹೋಗದಂತೆ ಕಾವಲು ಕಾದೆ. ಇಷ್ಟೆಲ್ಲ ಮಾಡಿಯೂ ಅದು ಒಂದು ಸಲ ಸೀನಿದರೆ ನನ್ನ ಎದೆ ಧಸಕ್ ಎನ್ನುತ್ತಿತ್ತು.

ಆ ಹೊತ್ತಿಗೆ ಅವ್ವ ನಮ್ಮ ಮನೆಗೆ ಬಂದು ಕೆಲವು ತಿಂಗಳಾಗಿತ್ತು. ಖಾನಾಪುರದ ಬದಿಯ ನಮ್ಮ ಹಳ್ಳಿಯಲ್ಲಿ ಎಮ್ಮೆ ಕಟ್ಟಿ, ಹಾಲು ಹಾಕಿ, ನನ್ನನ್ನೂ ನನ್ನ ತಮ್ಮನನ್ನೂ ಬೆಳೆಸಿದವಳು. ಮೊಣಕಾಲು ಸವೆದು ಕೂತು ಏಳುವುದೇ ಕಷ್ಟವಾದಾಗ ಎಮ್ಮೆಗಳನ್ನು ತಮ್ಮನಿಗೆ ಒಪ್ಪಿಸಿ, ದವಾಖಾನೆ ಹತ್ತಿರವಾಗಲಿ ಎಂದು ನಮ್ಮಲ್ಲಿಗೆ ಬಂದಳು. ಬಂದವಳು ಮಾತನ್ನೇ ಕಡಿಮೆ ಮಾಡಿಬಿಟ್ಟಳು. ಕೇಳಿದ್ದಕ್ಕೆ ಹೂಂ, ಕೇಳದಿದ್ದರೆ ಅದೂ ಇಲ್ಲ. ಹಾಲು ಹಿಂಡುವ ಹೊತ್ತಿಗೆ ತಾನಾಗಿಯೇ ಎಚ್ಚರವಾಗಿ, ಹಾಸಿಗೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದಳು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು. ಕರು ಹೊಟ್ಟೆಯಲ್ಲಿ ಅಡ್ಡ ತಿರುಗಿದಾಗ ಒಳಗೆ ಕೈಹಾಕಿ ಸರಿಮಾಡಿ ಎಳೆದು ತೆಗೆದ ಕೈಗಳವು. ಅವು ನಡುಗಿದ್ದನ್ನು ನಾನು ಕಂಡವನಲ್ಲ. ಈಗ ಅವುಗಳಿಗೆ ಮಾಡಲು ಏನೂ ಇರಲಿಲ್ಲ. ಹೀಗೇ ಕೂತು ಕೂತು ಅವ್ವ ಮಂಕಾಗಿ ಹೋಗುತ್ತಾಳೆ ಎಂಬ ಭಯ ನನ್ನನ್ನು ಕಾರ್ಖಾನೆಯಲ್ಲೂ ಬಿಡುತ್ತಿರಲಿಲ್ಲ.

ಮರಿಯನ್ನು ಚೀಲದಿಂದ ನೆಲಕ್ಕೆ ಬಿಟ್ಟ ದಿನ ಅವ್ವ ಕೈ ಚಾಚಿ, "ಯೇ ಗ ಬಾಯಿ, ಯೇ" ಎಂದಳು, ಬಾರೇ ತಾಯಿ, ಬಾ ಎಂದು. ಅವ್ವ ಮನುಷ್ಯರ ಜೊತೆ ಕನ್ನಡ, ಎಮ್ಮೆಗಳ ಜೊತೆ ಮರಾಠಿ ಮಾತಾಡುವವಳು. ನಮ್ಮ ಕಡೆ ಅದೇನು ದೊಡ್ಡ ಸಂಗತಿಯಲ್ಲ. ಆದರೆ ಆ ದನಿ ಕೇಳಿ ಎಷ್ಟೋ ಕಾಲವಾಗಿತ್ತು. ಮರಿ ನೇರವಾಗಿ ಹೋಗಿ ಅವಳ ಅಂಗೈ ಮೂಸಿತು. ಅಂದಿನಿಂದ ಅದು ಅವಳದೇ ಬೆಕ್ಕು. ಹೆಸರಿಡೋಣ ಎಂದರೆ ಅವ್ವ ಒಪ್ಪಲಿಲ್ಲ, "ಕರದ್ರ ಬರ್ತೈತಲ್ಲ, ಹೆಸರ ಯಾಕ ಬೇಕು?" ಎಂದಳು. ಖರೇನೇ, ಅವಳು "ಯೇ ಗ" ಎಂದರೆ ಸಾಕು, ಯಾವ ಮೂಲೆಯಲ್ಲಿದ್ದರೂ ಎದ್ದು ಬರುತ್ತಿತ್ತು. ನಾನು ಕರೆದರೆ ಕಿವಿ ಕೂಡ ಅಲುಗಿಸುತ್ತಿರಲಿಲ್ಲ.

ಅವ್ವನ ಮಾತು ತಿರುಗಿ ಬಂತು. ಅದರ ಜೊತೆ ಜಗಳವೂ ಬಂತು.

"ದೊಡ್ಡ ಬೆಕ್ಕಿಗೆ ಹಾಲು ಅರಗಂಗಿಲ್ಲಂತ, ಯವ್ವಾ. ಬ್ಯಾಡ."

"ಹಂಗಂತ ಯಾರ ಹೇಳಿದ್ರು?"

"ಫೋನಿನ್ಯಾಗ ಐತಿ."

"ಆ ಫೋನಿನಾಂವ ಎಷ್ಟ ಎಮ್ಮಿ ಕಟ್ಟ್ಯಾನ, ಅದನ್ನೊಂದೀಟ ಕೇಳು."

ಹೆಂಡತಿ ಅಡಿಗೆಮನೆಯಲ್ಲಿ ನಗುತ್ತಿದ್ದಳು. ನನಗೂ ಸೋತದ್ದಕ್ಕೆ ಬೇಸರವೇನೂ ಆಗಲಿಲ್ಲ. ಗಿಡಕ್ಕೆ ಹೆದರಿದೆ, ಬಲೆಯ ತೂತಿಗೆ ಹೆದರಿದೆ, ಕೆಳಗಿನ ಮನೆಯವರಿಗೆ ಹೆದರಿದೆ; ಅವ್ವನ ಕೈಯಲ್ಲಿ ಬೆಕ್ಕು ಇರುವಷ್ಟು ಹೊತ್ತು ಮಾತ್ರ ನನಗೆ ಯಾವ ಹೆದರಿಕೆಯೂ ಇರಲಿಲ್ಲ.

ಹೋದ ದೀಪಾವಳಿಗೆ ನನ್ನ ಚಿಂತೆ ಪಟಾಕಿಯದಾಗಿತ್ತು. ನಮ್ಮ ಗಲ್ಲಿಯಲ್ಲಿ ಸರಪಟಾಕಿ ಶುರುವಾದರೆ ಕಿಟಕಿಯ ಗಾಜು ನಡುಗುತ್ತದೆ. ಬೆಕ್ಕು ಹೆದರಿ ಎಲ್ಲಿಯಾದರೂ ಓಡಿಹೋದರೆ? ಊರಿಗೆ ಹೇಗೂ ಹೋಗುವುದಿತ್ತು. ಅಲ್ಲಿ ಸದ್ದು ಕಡಿಮೆ ಎಂದು ಬೆಕ್ಕನ್ನೂ ಬುಟ್ಟಿಯಲ್ಲಿ ಕೂರಿಸಿಕೊಂಡು ಹೊರಟೆವು. ಅವ್ವ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಖಾನಾಪುರ ಬರುವ ತನಕ ಅದಕ್ಕೆ ಊರಿನ ಎಮ್ಮೆಗಳ ಗುಣ ಅವಗುಣಗಳನ್ನು ಮರಾಠಿಯಲ್ಲಿ ಹೇಳುತ್ತಿದ್ದಳು.

ದೀಪಾವಳಿಯ ಪಾಡ್ಯ ನಮ್ಮಲ್ಲಿ ಎಮ್ಮೆಗಳ ಹಬ್ಬ. ಬೆಳಿಗ್ಗೆ ಮೈ ತೊಳೆದು, ಉಣ್ಣಿ ಔಷಧ ಹಚ್ಚಿ, ಎಣ್ಣೆ ತಿಕ್ಕಿ, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಕವಡೆಸರ ಕಟ್ಟಿ, ಹೊತ್ತು ಇಳಿದ ಮೇಲೆ ಬೀದಿಯಲ್ಲಿ ಓಡಿಸುತ್ತಾರೆ. ನಮ್ಮ ಮನೆಯ ರೂಢಿ ಇನ್ನೊಂದು ಹೆಜ್ಜೆ ಮುಂದೆ. ಆ ದಿನ ಮನೆಯ ಯಾವ ಜೀವವೂ ತೊಳೆಯದೆ ಉಳಿಯಬಾರದು. ಎಮ್ಮೆ, ಕರು, ಬಾಗಿಲಲ್ಲಿ ಬಿದ್ದಿರುವ ನಾಯಿ, ಎಲ್ಲಕ್ಕೂ ಬಿಸಿನೀರು, ಎಲ್ಲಕ್ಕೂ ಔಷಧ. ಉಣ್ಣಿ ಔಷಧವೆಂದರೆ ದನಗಳಿಗೆಂದೇ ಪೇಟೆಯಲ್ಲಿ ಸಿಗುವ, ಮೂಗಿಗೆ ಅಡರುವ ವಾಸನೆಯದು. ಒಂದು ಮುಚ್ಚಳದಷ್ಟನ್ನು ಬಕೆಟ್ ನೀರಿಗೆ ಬೆರೆಸಿ ಅರಿವೆಯಿಂದ ಮೈಗೆ ಉಜ್ಜಬೇಕು. ಆರುವ ತನಕ ಎಮ್ಮೆ ನೆಕ್ಕಿಕೊಳ್ಳದಂತೆ ಬಾಯಿಗೆ ಬುಟ್ಟಿ ಕಟ್ಟಬೇಕು. ಇದರಲ್ಲಿ ಅವ್ವ ಬಲು ಕಟ್ಟುನಿಟ್ಟು. ತಮ್ಮ ಮರೆತರೆ ಕೋಲು ತೋರಿಸಿಯೇ ಮಾತಾಡುತ್ತಿದ್ದಳು.

ಬೆಕ್ಕುಗಳೂ ಆ ಮನೆಯಲ್ಲಿ ಯಾವಾಗಲೂ ಇದ್ದವು. ಆದರೆ ಪಾಡ್ಯದ ದಿನ ಬಿಸಿನೀರಿನ ಹಂಡೆಗೆ ಉರಿ ಹಾಕುತ್ತಲೇ ಅವು ಅಟ್ಟ ಹತ್ತಿ ಮಾಯವಾಗುತ್ತಿದ್ದವು. ಒಂದಾದರೂ ಅವ್ವನ ಕೈಗೆ ಸಿಕ್ಕಿದ್ದಿಲ್ಲ.

ಈ ಬೆಕ್ಕು ಸಿಕ್ಕಿತು. ನಾನು ಕೊಟ್ಟಿಗೆಯಲ್ಲಿ ಕೊಂಬಿಗೆ ಬಣ್ಣ ಬಳಿಯುತ್ತಿದ್ದೆ. ಅವ್ವ ಕಟ್ಟೆಯ ಮೇಲೆ ಕೂತು, ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಒದ್ದೆ ಅರಿವೆಯಿಂದ ಬೆನ್ನು, ಕುತ್ತಿಗೆ, ಕಿವಿಯ ಹಿಂದೆ ಎಲ್ಲ ಒರೆಸುತ್ತಿದ್ದಳು. ಅದು ಕಣ್ಣು ಮುಚ್ಚಿಕೊಂಡು ಗುರ್ರ್ ಎನ್ನುತ್ತಿತ್ತು.

"ಅದಕ್ಕೂ ಹಚ್ಚಾಕತ್ತಿ ಏನ್ ಯವ್ವಾ?"

"ಕಿವಿ ಹಿಂದ ಉಣ್ಣಿ ಹತ್ಯಾವೋ. ಒಂದ ತಂಬಿಗಿ ನೀರಾಗ ನಾಕ ಹನಿ ಹಾಕೀನಿ. ಹಬ್ಬದಾಗ ಇದೊಂದನ್ನ ಯಾಕ ಬಾಜೂಕ ಇಡೂದು?"

ಎಮ್ಮೆಗೆ ಅಷ್ಟು, ಬೆಕ್ಕಿಗೆ ಇಷ್ಟು. ಮೈಯ ಅಳತೆಗೆ ತಕ್ಕ ಔಷಧ. ನನಗೂ ಸರಿ ಎನಿಸಿ ಕೊಂಬಿನ ಕಡೆ ತಿರುಗಿದೆ. ಬಾಯಿಗೆ ಬುಟ್ಟಿ ಕಟ್ಟುವಂತಿರಲಿಲ್ಲವಾದ್ದರಿಂದ, ಮೈ ಆರುವ ತನಕ ಅವ್ವ ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಕೂತಿದ್ದಳು.

ಸಂಜೆ ಎಮ್ಮೆಗಳ ಓಟ ಮುಗಿದದ್ದೇ ನಾವು ಹೊರಟೆವು, ಮರುದಿನ ನನಗೆ ಡ್ಯೂಟಿ ಇತ್ತು. ಖಾನಾಪುರ ದಾಟಿ ಸ್ವಲ್ಪ ದೂರ ಬಂದಿರಬೇಕು, ಹಿಂದಿನ ಸೀಟಿನಲ್ಲಿ ಅವ್ವನ ಬಾಜೂ ಕೂತಿದ್ದ ಹೆಂಡತಿ, "ರೀ, ಇದರ ಕಿವಿ ಯಾಕೋ ಮಿಸಕಾಡಾಕತ್ತಾವು" ಎಂದಳು. ನೊಣ ಕೂತಿರಬೇಕು ಎಂದೆ. ಸ್ವಲ್ಪ ಹೊತ್ತಿಗೆ, "ಕಾಲೂ ಝಾಡಸಾಕತ್ತೈತಿ" ಎಂದಳು. ಆಮೇಲೆ ಬಾಯಿಂದ ಜೊಲ್ಲು. "ನೀರ ಹಾಕಿದ್ನೆಲ್ಲ, ಥಂಡಿ ಆಗೇತಿ" ಎಂದು ಅವ್ವ ಅದನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದಳು.

ಮಚ್ಛೆಗೆ ಬರುವಷ್ಟರಲ್ಲಿ ಅದರ ಇಡೀ ಮೈ ನಡುಗತೊಡಗಿತ್ತು. ಥಂಡಿಯ ನಡುಕವಲ್ಲ. ಚರ್ಮದ ಕೆಳಗೆ ಏನೋ ಓಡುತ್ತಿರುವ ಹಾಗೆ, ಒಮ್ಮೆ ಭುಜದಲ್ಲಿ, ಒಮ್ಮೆ ತೊಡೆಯಲ್ಲಿ. ಕಣ್ಣುಗಳು ಪೂರಾ ಅಗಲವಾಗಿ, ಅವ್ವನನ್ನು ನೋಡುತ್ತಿದ್ದರೂ ಕಾಣದ ಹಾಗಿದ್ದವು. ನಾನು ಗಾಡಿ ಬಾಜೂಕ್ಕೆ ಹಾಕಿ ಹಿಂತಿರುಗಿ ನೋಡಿದೆ, ನೋಡಬಾರದಿತ್ತು ಎನಿಸಿತು. ನಮ್ಮ ಕಾರ್ಖಾನೆಯ ರಸ್ತೆ ಅಲ್ಲೇ ಎದುರಿಗೆ, ಹಬ್ಬದ ರಜೆಗೆ ಎಲ್ಲ ಕದ ಮುಚ್ಚಿ ಕತ್ತಲಾಗುತ್ತಿತ್ತು.

"ನಿಲ್ಲಸಬ್ಯಾಡ. ಹೊಡಿ ಗಾಡಿ" ಎಂದಳು ಅವ್ವ.

ಹೆಂಡತಿ ಒಂದಾದ ಮೇಲೊಂದು ಪ್ರಾಣಿ ವೈದ್ಯರಿಗೆ ಫೋನ್ ಹಚ್ಚಿದಳು. ಪಾಡ್ಯದ ಸಂಜೆ ಯಾರು ಎತ್ತುತ್ತಾರೆ? ಕೊನೆಗೆ ಒಬ್ಬ ಡಾಕ್ಟರ್ ಹೆಣ್ಣುಮಗಳು ಎತ್ತಿದಳು, ಕೋಟೆಯ ಹತ್ತಿರ ಮನೆ, ಕೆಳಗೇ ದವಾಖಾನೆ. "ಲಗೂನ ತಗೊಂಡ ಬರ್ರಿ. ಹಾದ್ಯಾಗ ಏನೂ ತಿನ್ನಸಬ್ಯಾಡ್ರಿ, ನೀರೂ ಕುಡಸಬ್ಯಾಡ್ರಿ" ಎಂದಳು. ಆ ದನಿಯಲ್ಲಿ ಸಮಾಧಾನ ಹೇಳುವ ಒಂದು ಮಾತೂ ಇರಲಿಲ್ಲ. ನಾನು ಗಾಡಿಯ ವೇಗ ಏರಿಸಿದೆ.

ಮೂರನೇ ರೈಲ್ವೆ ಗೇಟಿನ ಹತ್ತಿರ ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಯಾವ ಸದ್ದಿಗೆ ಹೆದರಿ ಬೆಕ್ಕನ್ನು ಊರಿಗೆ ಒಯ್ದಿದ್ದೆನೋ ಅದರ ನಟ್ಟನಡುವೆ ಬಂದು ಸಿಕ್ಕಿಕೊಂಡಿದ್ದೆವು. ಎಲ್ಲೋ ಒಂದು ಬಾಂಬ್ ಢಮ್ ಎಂದರೆ ಅದು ಬಿಲ್ಲಿನಂತೆ ಬಾಗಿ ಸೆಟೆಯುತ್ತಿತ್ತು. ಅವ್ವ ಎರಡೂ ಅಂಗೈಯಿಂದ ಅದರ ಕಿವಿ ಮುಚ್ಚಿದಳು. "ಯೇ ಗ, ಯೇ ಗ ಬಾಯಿ" ಎನ್ನುತ್ತಲೇ ಇದ್ದಳು. ನಾನು ಹಾರ್ನ್ ಹೊಡೆದೆ, ಮತ್ತೆ ಹೊಡೆದೆ, ಮುಂದಿನವನು ಇಳಿದು ಬಂದು ಬೈದ. ನನಗೆ ಜೀವನದಲ್ಲಿ ಅಷ್ಟು ಹೆದರಿಕೆ ಎಂದೂ ಆಗಿರಲಿಲ್ಲ. ಬೆಕ್ಕು ಅವಳ ತೊಡೆಯ ಮೇಲೇ ಸತ್ತರೆ ಅವ್ವನನ್ನು ಮನೆಗೆ ಹೇಗೆ ಕರೆದೊಯ್ಯಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಡಾಕ್ಟರ್ ಬಾಗಿಲಲ್ಲೇ ನಿಂತಿದ್ದಳು, ಹಬ್ಬದ ಸೀರೆಯ ಮೇಲೆ ಬಿಳಿ ಕೋಟು. ಬೆಕ್ಕನ್ನು ಮೇಜಿನ ಮೇಲೆ ಹಾಕಿದ ಕೂಡಲೇ ಕೇಳಿದಳು, "ಏನರ ತಿಂದೈತೇನು? ಮೈಗೆ ಏನರ ಹಚ್ಚೀರೇನು?"

ಆ ಕ್ಷಣ ನನಗೆ ತಿಳಿದುಹೋಯಿತು. ಹೆಂಡತಿಯ ಮುಖ ನೋಡಿದೆ, ಅವಳಿಗೂ ತಿಳಿದಿತ್ತು. ಸುಳ್ಳು ಹೇಳಿಬಿಡಲೇ ಎನಿಸಿತು. ಅಷ್ಟರಲ್ಲಿ ಅವ್ವನೇ ಹೇಳಿದಳು, ಒಂದಿಷ್ಟೂ ಅಳುಕಿಲ್ಲದೆ.

"ನಾ ಹಚ್ಚೀನ್ರಿ. ಉಣ್ಣಿ ಔಷಧ. ಎಮ್ಮಿಗೆ ಹಚ್ಚತೀವಲ್ರಿ, ಅದ. ಭಾಳ ಇಲ್ರಿ, ನಾಕ ಹನಿ."

ಡಾಕ್ಟರ್ ಮೊದಲು ಸೂಜಿ ಚುಚ್ಚಿದಳು. ಸೆಟೆತ ಸ್ವಲ್ಪ ಸಡಿಲಾದ ಮೇಲೆ ಉಗುರುಬೆಚ್ಚಗಿನ ನೀರು, ಪಾತ್ರೆ ತಿಕ್ಕುವ ಸೋಪು ತರಿಸಿ ತೊಳೆಯತೊಡಗಿದಳು. ತೊಳೆಯುತ್ತಲೇ, ಮೆತ್ತಗಿನ ದನಿಯಲ್ಲಿ, "ಎಷ್ಟ ಹನಿ ಅನ್ನೂದಲ್ರಿ ಆಯಿ. ಎಮ್ಮಿಗೆ ನಡೀತೈತಿ, ನಾಯಿಗೂ ತಡೀತೈತಿ. ಬೆಕ್ಕಿನ ಮೈಗೆ ಅದನ್ನ ಕರಗಿಸಿ ಹೊರಗ ಹಾಕೂ ತಾಕತ್ತ ಇಲ್ಲ. ಮ್ಯಾಲ ಮೈ ಎಲ್ಲಾ ನೆಕ್ಕೊಂಡಿರತೈತಿ. ಬೆಕ್ಕಿಗೆ ಅದು ವಿಷ" ಎಂದಳು.

"ನಾ ಹಚ್ಚಿದ್ದು?" ಎಂದಳು ಅವ್ವ.

ಡಾಕ್ಟರ್, "ಆಯಿ, ಇಲ್ಲೆ ಕುತ್ತಿಗಿ ಹಿಡೀರಿ ಒಂಚೂರು" ಎಂದಾಗ ಅವ್ವ ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ನೀ ಹಿಡಿ" ಎಂದಳು ನನಗೆ. ನಾನು ಹಿಡಿದೆ. ಆ ಸಣ್ಣ ಮೈಯ ನಡುಕ ನನ್ನ ಮೊಣಕೈ ತನಕ ಏರಿ ಬಂತು.

ಬೆಕ್ಕನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ಉಳಿಯುತ್ತದೆ ಎಂದು ಡಾಕ್ಟರ್ ಹೇಳಲಿಲ್ಲ, "ನೋಡೂಣು" ಎಂದಳು. ಮನೆಗೆ ಬಂದ ಅವ್ವ ಬಚ್ಚಲಲ್ಲಿ ಕೈ ತೊಳೆದಳು. ಹೊರಗೆ ಬಂದು ಮೂಸಿ ನೋಡಿ ಮತ್ತೆ ಹೋಗಿ ತೊಳೆದಳು. "ವಾಸನಿ ಹೋಗವಲ್ದು" ಎಂದಳು. ಹೆಂಡತಿ ಫರಾಳದ ತಾಟು ತಂದಿಟ್ಟು, "ಅತ್ಯಾ, ಒಂದ ಚಕ್ಕುಲಿಯರ ತಿನ್ರಿ" ಎಂದರೂ ಮುಟ್ಟಲಿಲ್ಲ. ನನ್ನ ಕಡೆ ನೋಡದೆಯೇ ಅಂದಳು: "ಊರಾಗಿನ ಬೆಕ್ಕೆಲ್ಲಾ ನನ್ನ ಕಂಡ ಓಡಿ ಹೋದ್ವು, ಅದಕ್ಕ ಉಳದ್ವು. ಇದು ಕರದ್ರ ಬಂತು."

ನಾನು ಫರಾಳದ ತಾಟನ್ನು ಎತ್ತಿ ಒಳಗೆ ಇಟ್ಟು ಬಂದೆ.

ಬೆಕ್ಕು ಉಳಿಯಿತು. ಎರಡು ಸಲ ಸೆಟೆತ ಮರುಕಳಿಸಿತಂತೆ, ಆಮೇಲೆ ನಿಂತಿತಂತೆ. ಮನೆಗೆ ತಂದಾಗ ಕುಡಿದವರ ಹಾಗೆ ಓಲಾಡಿಕೊಂಡು ನಡೆಯುತ್ತಿತ್ತು, ನಿಧಾನಕ್ಕೆ ಅದೂ ಸರಿಹೋಯಿತು. ನಾನು ಫೋನ್ ಮಾಡಿ ಮಾಡಿ ಡಾಕ್ಟರನ್ನು ಕಾಡಿದೆ: ಮೂಸಿ ನೋಡಿ ಉಣ್ಣಲಿಲ್ಲ, ಬಾಲ ಅಲ್ಲಾಡಿಸುವುದು ಬೇರೆ ಥರ ಇದೆ, ನಿದ್ದೆಯಲ್ಲಿ ಮೀಸೆ ಕುಣಿಯಿತು. ಪಾಪ, ಎಲ್ಲಕ್ಕೂ ಉತ್ತರ ಕೊಟ್ಟಳು. ಬೆಕ್ಕಿಗಾಗಿ ಹೆದರಿದರೆ ಫೋನ್ ಮಾಡಲು ಒಬ್ಬರಿದ್ದರು. ಅವ್ವನಿಗಾಗಿ ಹೆದರಿದ್ದನ್ನು ಯಾರಿಗೆ ಫೋನ್ ಮಾಡಿ ಕೇಳಲಿ?

ಯಾಕೆಂದರೆ ಅವ್ವ ಅದನ್ನು ಮುಟ್ಟುವುದನ್ನೇ ಬಿಟ್ಟಳು. ಕರೆಯುವುದನ್ನೂ ಬಿಟ್ಟಳು. ಬೆಕ್ಕು ಬಾಜೂ ಬಂದರೆ ಎದ್ದು ಒಳಗೆ ಹೋಗುವಳು. ಎದ್ದು ಹೋಗಲು ಮೊಣಕಾಲು ಬಿಡದಿದ್ದರೆ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು ಕಲ್ಲಿನ ಹಾಗೆ ಕೂರುವಳು. ಒಂದು ದಿನ ತಮ್ಮ ಊರಿನಿಂದ ಫೋನ್ ಮಾಡಿದ, ಎಮ್ಮೆ ಈಯಲು ಒದ್ದಾಡುತ್ತಿದೆ, ಏನು ಮಾಡಲಿ ಎಂದು. ಇಂಥ ಫೋನ್ ಬಂದರೆ ಮೊದಲೆಲ್ಲ ಅವ್ವ ಇಲ್ಲಿಂದಲೇ ಕೈ ಆಡಿಸುತ್ತ, ಎಡಕ್ಕೆ ತಿರುಗಿಸು, ಈಗ ಎಳೀಬೇಡ, ಈಗ ಎಳಿ ಎಂದು ಹೇಳುತ್ತಿದ್ದಳು. ಅಂದು, "ಡಾಕ್ಟರನ್ನ ಕರಸು. ನನ್ನ ಕೇಳಬ್ಯಾಡ" ಎಂದು ಫೋನನ್ನು ನನ್ನ ಕೈಗಿಟ್ಟಳು.

"ಅವ್ವಗ ಏನ್ ಆಗೇತಣ್ಣಾ?" ಎಂದು ತಮ್ಮ ಕೇಳಿದ. ಎಮ್ಮೆಯ ಗಡಿಬಿಡಿಯಲ್ಲೂ ಅವನ ದನಿಯಲ್ಲಿ ನನ್ನದೇ ಹೆದರಿಕೆ ಕೇಳಿಸಿತು.

ಬೆಕ್ಕಿನ ಕಿವಿಯ ಹಿಂದಿನ ಉಣ್ಣಿ ಪೂರಾ ಹೋಗಿರಲಿಲ್ಲ. ಅದು ಚೆನ್ನಾಗಿ ಚೇತರಿಸಿಕೊಂಡ ಮೇಲೆ ಡಾಕ್ಟರ್ ಬೆಕ್ಕುಗಳಿಗೆಂದೇ ಇರುವ ಔಷಧ ಕೊಟ್ಟಳು, ಕುತ್ತಿಗೆಯ ಹಿಂದೆ ಕೂದಲು ಬಿಡಿಸಿ ಹಿಂಡುವ ಪುಟ್ಟ ಪ್ಲಾಸ್ಟಿಕ್ ನಳಿಕೆ. ಅದನ್ನು ತಂದು ಎಷ್ಟೋ ದಿನ ಕಪಾಟಿನಲ್ಲೇ ಇಟ್ಟಿದ್ದೆ. ಒಂದು ಭಾನುವಾರ ಮಧ್ಯಾಹ್ನ ಧೈರ್ಯ ಮಾಡಿ ಕೈಗೆತ್ತಿಕೊಂಡೆ. ಹೆಂಡತಿ ಹಿಡಿದಳು, ನಾನು ಬಗ್ಗಿದೆ, ಔಷಧದ ವಾಸನೆ ಮೂಗಿಗೆ ಬಡಿದದ್ದೇ ಬೆಕ್ಕು ಅವಳ ಕೈ ಪರಚಿ ಹಾರಿತು. ಮಂಚದ ಕೆಳಗೆ ಹೋಗುತ್ತದೆ ಎಂದುಕೊಂಡೆ. ಅದು ಹೋದದ್ದು ಗ್ಯಾಲರಿಯ ಬಾಗಿಲಲ್ಲಿ ಕೂತಿದ್ದ ಅವ್ವನ ತೊಡೆಗೆ. ಸೆರಗಿನ ಕೆಳಗೆ ಮೂತಿ ತೂರಿಸಿ ಅಲ್ಲೇ ಮುದುಡಿಕೊಂಡಿತು.

ಅವ್ವ ಅಲುಗಾಡಲಿಲ್ಲ. ಕೈಗಳು ಸೆರಗಿನೊಳಗೇ ಇದ್ದವು. ನಾನೂ ಹೆಂಡತಿಯೂ ನಿಂತಲ್ಲೇ ನಿಂತೆವು.

"ನಾ ಕರದಿಲ್ಲ" ಎಂದಳು ಅವ್ವ.

"ಹೌದ್ ಯವ್ವಾ."

"ಕರೀದನ ಬಂದೈತಿ." ಬಗ್ಗಿ ಅದರ ಬೆನ್ನು ನೋಡಿದಳು. "ಇದಕ್ಕ ನನ್ನ ಅಂಜಿಕಿ ಇಲ್ಲೇನೋ?"

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವ್ವ ನಳಿಕೆಯ ಪೊಟ್ಟಣದ ಕಡೆ ಕಣ್ಣು ಮಾಡಿ, "ಏನ್ ಬರದಾರ ಓದು" ಎಂದಳು. ಓದಿದೆ. "ಬೆಕ್ಕಿಂದು ಅಂತನ ಐತೇನು?" ಎಂದಳು. ಬೆಕ್ಕಿನ ಚಿತ್ರ ತೋರಿಸಿದೆ. "ಡಾಕ್ಟರಗ ಫೋನ್ ಹಚ್ಚು" ಎಂದಳು. ಹಚ್ಚಿದೆ. ಇದೇ ಹೌದೇ, ಎಲ್ಲಿ ಹಾಕಬೇಕು, ನಾಲಿಗೆ ಅಲ್ಲಿಗೆ ಮುಟ್ಟುವುದಿಲ್ಲವೇ ಎಂದು ಅವ್ವನೇ ಕೇಳಿದಳು, ಕೇಳಿದ್ದನ್ನೇ ಮತ್ತೆ ಕೇಳಿದಳು. ನಾನು ಕೇಳುವ ಹಾಗೆಯೇ. ಈ ಜನ್ಮದಲ್ಲಿ ಅವ್ವ ನನ್ನ ಹಾಗೆ ಅಂಜುಬುರುಕಿಯಾಗುತ್ತಾಳೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅದಕ್ಕೆ ಖುಷಿಪಡಲೋ ಅಳಲೋ ತಿಳಿಯಲಿಲ್ಲ.

ಫೋನ್ ಇಟ್ಟ ಮೇಲೆ, "ನೀ ಹಾಕು. ನಾ ಹಿಡೀತೀನಿ" ಎಂದಳು. ಒಂದು ಕೈಯನ್ನು ಸೆರಗಿನಿಂದ ಹೊರಗೆ ತೆಗೆದಳು. ಕರು ತಿರುಗಿಸಿದ ಆ ಕೈ ಬೆಕ್ಕಿನ ಬೆನ್ನಿನ ಮೇಲೆ ಬರುವಷ್ಟರಲ್ಲಿ ನಡುಗುತ್ತಿತ್ತು. ಬೆಕ್ಕು ತಲೆ ಎತ್ತಿ ಅದನ್ನು ಮೂಸಿ ನೋಡಿ, ಮತ್ತೆ ಮಲಗಿತು. ನಾನು ಕೂದಲು ಬಿಡಿಸಿ ಔಷಧ ಹಿಂಡಿದೆ. ಆಮೇಲೆ ಅವ್ವನ ಬಾಜೂ ನೆಲದ ಮೇಲೆ ಕೂತೆ, ಮತ್ತೆ ಮಿಸುಕಾಡುತ್ತವೇನೋ ಎಂದು ಇಬ್ಬರೂ ಅದರ ಕಿವಿಗಳನ್ನೇ ನೋಡುತ್ತ ಆ ಮಧ್ಯಾಹ್ನವೆಲ್ಲ ಕಾದೆವು.